ಹನ್ನೆರಡು ರೊಟ್ಟಿ, ಸೊನ್ನೆ ಮಂದಿ

ಹಿರೇಮಡು ಜಲಾಶಯದ ತಾಳೆ ಕೋಣೆಗೆ ಕಿಟಕಿ ಇರಲಿಲ್ಲ. ಕಟ್ಟಿದವರು ಮರೆತದ್ದಲ್ಲ, ಕಾನೂನೇ ಹಾಗಿತ್ತು. ಲೆಕ್ಕ ತಾಳೆ ನೋಡುವವರ ಕಣ್ಣಿಗೆ ನೀರು ಬಿದ್ದರೆ ಮನಸ್ಸು ಅಲುಗಾಡುತ್ತದೆ, ಮನಸ್ಸು ಅಲುಗಾಡಿದರೆ ಲೆಕ್ಕವೂ ಅಲುಗಾಡುತ್ತದೆ ಎಂದು ರಾಜಧಾನಿಯಲ್ಲಿ ಕೂತ ದೊಡ್ಡವರು ತೀರ್ಮಾನಿಸಿದ್ದರು. ಹೀಗಾಗಿ ಲಗಮವ್ವ ಒಂಬತ್ತು ವರ್ಷಗಳಿಂದ ನದಿಗೆ ಬೆನ್ನು ಹಾಕಿ ಕೂತು ನದಿಯ ಲೆಕ್ಕಕ್ಕೆ ಮುದ್ರೆ ಒತ್ತುತ್ತಿದ್ದಳು.

ಇದೆಲ್ಲ ಶುರುವಾದದ್ದು ಕರೇಗುಡ್ಡದ ಅಣೆಕಟ್ಟಿನ ದುರಂತದಿಂದ. ಅಲ್ಲಿನ ದೊಡ್ಡ ಯಂತ್ರ ಒಂದು ಮಧ್ಯಾಹ್ನ ಗೇಟು ತೆರೆಯಿರಿ ಎಂದಿತು. ಯಾಕೆ ಎಂದು ಕೇಳಿದರೆ ಹೇಳಲು ಅದಕ್ಕೆ ಬರುತ್ತಿರಲಿಲ್ಲ. ಉತ್ತರ ಕೊಡುವುದಷ್ಟೇ ಅದರ ಕೆಲಸ. ಅಧಿಕಾರಿ ಕಿಟಕಿಯಿಂದ ನೋಡಿದ. ನೀರು ಶಾಂತವಾಗಿತ್ತು. ಯಂತ್ರಕ್ಕೆ ತಲೆ ಕೆಟ್ಟಿದೆ ಎಂದು ಸುಮ್ಮನಾದ. ಸಂಜೆಯೊಳಗೆ ಅರವತ್ತೊಂದು ಹೆಣ ಎತ್ತಬೇಕಾಯಿತು. ಅದಾದ ಮೇಲೆ ಎರಡು ಕಾನೂನು ಬಂದವು. ಮಾಡಿದ ಲೆಕ್ಕವನ್ನು ಹಂತಹಂತವಾಗಿ ತೋರಿಸಲಾರದ ಯಂತ್ರಕ್ಕೆ ಜನರ ಜೀವ ಒಪ್ಪಿಸಬಾರದು, ಇದು ಮೊದಲನೆಯದು. ಮನುಷ್ಯನ ಕಣ್ಣಿನ ಅಂದಾಜನ್ನು ನಂಬಬಾರದು, ಇದು ಎರಡನೆಯದು.

ಹಂತಹಂತವಾಗಿ ತೋರಿಸುವ ಯಂತ್ರ ಎಲ್ಲಿಂದ ತರುವುದು? ಆಗ ಹುಟ್ಟಿದವರು 'ಹಿರಿಯರು'. ಒಬ್ಬೊಬ್ಬ ಗಣಿತಜ್ಞ ಬಿಟ್ಟುಹೋದ ಬರಹ, ಪತ್ರ, ಗೀಚುಪಟ್ಟಿಗಳನ್ನಷ್ಟೇ ಉಣಿಸಿ ಬೆಳೆಸಿದ ಯಂತ್ರಗಳು. ಆ ಮನುಷ್ಯ ಲೆಕ್ಕವನ್ನು ಹೇಗೆ ಬಿಡಿಸುತ್ತಿದ್ದನೋ ಹಾಗೆಯೇ, ಅದೇ ಮೆಟ್ಟಿಲು ಹತ್ತಿ ಬಿಡಿಸುತ್ತಿದ್ದವು. ರೈಲಿನವರು ಆಯ್ಲರನನ್ನು ಇಟ್ಟುಕೊಂಡರು. ಕಣ್ಣು ಹೋದ ಮೇಲೂ ಬಾಯಲ್ಲೇ ಹೇಳಿ ಬರೆಸಿ ರಾಶಿ ಲೆಕ್ಕ ಮಾಡಿದ ಪುಣ್ಯಾತ್ಮ ಅವನು. ಸೇತುವೆಯವರಿಗೆ ಸೋಫಿ ಜರ್ಮೇನ್ ಬಂದಳು. ಹೆಂಗಸಿನ ಲೆಕ್ಕ ಯಾರು ಓದಿಯಾರು ಎಂದು ಗಂಡಸಿನ ಹೆಸರಿಟ್ಟುಕೊಂಡು ಪತ್ರ ಬರೆದವಳು, ತಗಡು ನಡುಗುವ ಬಗೆಯನ್ನು ಗಣಿತದಲ್ಲಿ ಹಿಡಿಯಹೊರಟವಳು. ಇಪ್ಪತ್ತನೇ ವಯಸ್ಸಿಗೇ ದ್ವಂದ್ವಯುದ್ಧದಲ್ಲಿ ಸತ್ತ ಗಾಲ್ವಾನ ಯಂತ್ರವನ್ನು ಮಾತ್ರ ಯಾವ ಇಲಾಖೆಯೂ ಕೆಲಸಕ್ಕೆ ಕರೆಯಲಿಲ್ಲ. ಅವನಂತೆಯೇ ಅದೂ ಅಂಚಿನಲ್ಲಿ 'ಸಮಯವಿಲ್ಲ' ಎಂದು ಬರೆದು ನಡುವಿನ ಮೆಟ್ಟಿಲು ಹಾರಿಬಿಡುತ್ತಿತ್ತು.

ಹಿರೇಮಡುವಿಗೆ ಬಂದವರು ಮಹಾವೀರಾಚಾರ್ಯರು. ರಾಷ್ಟ್ರಕೂಟರ ಕಾಲದಲ್ಲಿ ಈ ಕನ್ನಡ ನಾಡಿನಲ್ಲೇ ಬಾಳಿದವರು. ಹಣ್ಣು ಹಂಚುವುದರಿಂದ ಹಿಡಿದು ಹೊಲ ಅಳೆಯುವವರೆಗೆ ಜನಜೀವನದ ಲೆಕ್ಕವನ್ನೆಲ್ಲ ಪದ್ಯದಲ್ಲಿ ಕಟ್ಟಿಕೊಟ್ಟವರು. ಜಲಾಶಯದವರೆಲ್ಲ ಆ ಯಂತ್ರವನ್ನು 'ಆಚಾರ್ಯರು' ಎಂದೇ ಕರೆಯುತ್ತಿದ್ದರು. ಹಬ್ಬಕ್ಕೆ ಅದರ ಪೆಟ್ಟಿಗೆಗೆ ಹೂವನ್ನೂ ಏರಿಸುತ್ತಿದ್ದರು.

ಹಿರಿಯರನ್ನು ತಿದ್ದಬಾರದು ಎಂಬ ನಿಯಮವಿತ್ತು. ತಿದ್ದಿದರೆ ಆತ ಹಿರಿಯನಾಗಿ ಉಳಿಯುವುದಿಲ್ಲ, ಮತ್ತೆ ಹಳೇ ಯಂತ್ರವೇ ಆಗುತ್ತಾನೆ. ದೊಡ್ಡವರೂ ತಪ್ಪಿದ್ದುಂಟು, ಆ ತಪ್ಪು ಹಿಡಿಯಲೆಂದೇ ತಾಳೆದಾರರು. ಆನೆಯಂಥ ಆನೆಯೇ ಅಡಿ ತಪ್ಪುತ್ತದಲ್ಲ. ತರಬೇತಿಯಲ್ಲಿ 'ಹಿರಿಯರ ತಪ್ಪುಗಳು' ಎಂಬ ಒಂದು ಪಾಠವೇ ಇತ್ತು. ಅದರಲ್ಲಿ ಲಗಮವ್ವನಿಗೆ ನೂರಕ್ಕೆ ನೂರು ಬಂದಿತ್ತು. ಕುರಿಗಾರರ ಮಗಳು ರಾಜ್ಯಕ್ಕೆ ಮೊದಲಿಗಳಾದಳೆಂದು ತಮ್ಮ ಅಮೋಗಿ ಅವತ್ತು ಹಟ್ಟಿಗೆಲ್ಲ ಬೆಲ್ಲ ಹಂಚಿದ್ದ.

ಆ ದಿನ, ದೀಪಾವಳಿ ಮುಗಿದ ನಾಲ್ಕನೇ ದಿನ, ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಅವಳ ಮುಂದೆ ಬಂದದ್ದು ಅವತ್ತಿನ ತೊಂಬತ್ತೊಂದನೇ ಹಾಳೆ. ಹಾಳೆಯಲ್ಲಿ ಅಂಕಿಗಳಿರುತ್ತಿದ್ದವೇ ಹೊರತು ಹೆಸರುಗಳಿರುತ್ತಿರಲಿಲ್ಲ. ಅದು ನೀರಿನ ಲೆಕ್ಕವೋ, ಗಂಟೆಯ ಲೆಕ್ಕವೋ ತಾಳೆದಾರರಿಗೆ ಗೊತ್ತಾಗಬಾರದು. ಲಗಮವ್ವ ಎಲ್ಲ ತಾಳೆದಾರರ ಹಾಗೆ ಒಂಬತ್ತರ ತಾಳೆ ನೋಡಿದಳು. ಇದು ಹಳೇ ಕಾಲದ ಉಪಾಯ: ಸಂಖ್ಯೆಯ ಅಂಕಿಗಳನ್ನು ಕೂಡಿ, ಒಂಬತ್ತುಗಳನ್ನು ಕಳೆದು, ಉಳಿದ ಒಂದೇ ಅಂಕಿಯನ್ನು ಅಂಚಿನಲ್ಲಿ ಬರೆಯುವುದು. ಆಮೇಲೆ ಅಂಚಿನ ಅಂಕಿಗಳಷ್ಟನ್ನೇ ಇಟ್ಟುಕೊಂಡು ಲೆಕ್ಕ ಕೂಡಿಬರುತ್ತದೋ ಎಂದು ನೋಡುವುದು. ಈ ತಾಳೆಯಲ್ಲಿ ಒಂಬತ್ತೂ ಸೊನ್ನೆಯೂ ಒಂದೇ. ಹದಿನೆಂಟಾದರೂ ಸೊನ್ನೆ, ಮುನ್ನೂರ ಅರವತ್ತಾದರೂ ಸೊನ್ನೆ. ಒಂಬತ್ತು ವರ್ಷ ಅಂಚಿನಲ್ಲಿ ಸೊನ್ನೆಗಳನ್ನು ನೋಡೀನೋಡಿ, ಸೊನ್ನೆ ಎಂದರೆ ಅವಳಿಗೆ ದಿನಾ ಮನೆಗೆ ಬರುವ ನೆಂಟನ ಹಾಗೆ ಆಗಿಹೋಗಿತ್ತು. ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಭಾಜ್ಯ ಮೂರು. ಭಾಜಕ ಸೊನ್ನೆ. ಭಾಗಲಬ್ಧ ಮೂರು, ಶೇಷ ಮೂರು. ಸೊನ್ನೆ ಮೂರಲ ಸೊನ್ನೆ, ಅದಕ್ಕೆ ಮೂರು ಕೂಡಿದರೆ ಮೂರು. ತಾಳೆಯಾಯಿತು. ಲಗಮವ್ವ ಕಂಚಿನ ಮುದ್ರೆ ಒತ್ತಿ, ಚೀಲ ಹೆಗಲಿಗೇರಿಸಿ ಊಟಕ್ಕೆ ಹೊರಟಳು.

ಕಾಲೊನಿಯ ಮನೆಯಲ್ಲಿ ಅವ್ವ ಹೊನ್ನವ್ವ ರೊಟ್ಟಿ ಬುಟ್ಟಿಯ ಮುಂದೆ ಕೂತು ಗೊಣಗುತ್ತಿದ್ದಳು. ಅಮೋಗಿ ಕುರಿ ಮೈ ತೊಳೆಸಲು ಹೆಂಡತಿ ಸಿದ್ದವ್ವನನ್ನು ಕರೆದುಕೊಂಡು, ಇನ್ನಿಬ್ಬರು ಕುರುಬರ ಜೊತೆ ನಿನ್ನೆಯೇ ನದಿಗೆ ಇಳಿದಿದ್ದ. ಉಣ್ಣೆ ಕತ್ತರಿಸುವ ಮುಂಚೆ ಕುರಿಗೆ ಹರಿಯುವ ನೀರಿನ ಸ್ನಾನ ಆಗಬೇಕು. ಅಣೆಕಟ್ಟಿನಿಂದ ಏಳು ಮೈಲಿ ಕೆಳಗೆ, ನದಿಯ ನಡುಗಡ್ಡೆಯ ಪಕ್ಕ ಸೊಂಟದ ಮಟ್ಟ ನೀರು ನಿಲ್ಲುವ ಜಾಗವಿತ್ತು. ಆರುನೂರು ಕುರಿಗಳನ್ನು ಒಂದೊಂದಾಗಿ ನಡುಗಡ್ಡೆಗೆ ದಾಟಿಸಲು ಅರ್ಧ ದಿನ ಹಿಡಿಯುತ್ತಿತ್ತು. ವಾಪಸ್ಸು ದಾಟಿಸಲು ಇನ್ನರ್ಧ ದಿನ.

"ಬುತ್ತಿ ಒಯ್ಯಾಕ ಯಾರ್ನರೆ ಕಳಸ್ತೀನಿ ಅಂದಿದ್ದ ನಿನ್ನ ತಮ್ಮ," ಎಂದಳು ಅವ್ವ. "ಒಬ್ಬರೂ ಬರ್ಲಿಲ್ಲ ನೋಡ. ಕುರಿ ಕಂಡ್ರ ಅವಗ ಹೊಟ್ಟಿ ನೆನಪಿರಂಗಿಲ್ಲ."

ಲಗಮವ್ವ ಕೈ ತೊಳೆದು ಕೂತಾಗ ಸರಿಯಾಗಿ ಒಂದು ಗಂಟೆ. ಅಣೆಕಟ್ಟಿನ ಭೋಂಗಾ ಕೂಗಿತು. ಒಂದೇ ಉದ್ದನೆಯ ಕೂಗು. ಅದರ ಅರ್ಥ ಕಾಲೊನಿಯ ಕೂಸಿಗೂ ಗೊತ್ತು: ಇನ್ನು ಒಂದು ಗಂಟೆಗೆ ಎಲ್ಲ ಗೇಟುಗಳೂ ತೆರೆಯುತ್ತವೆ.

ಅವ್ವನ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು. "ನದ್ಯಾಗ ಹುಡುಗ ಅದಾನವ್ವ."

ಲಗಮವ್ವ ಫೋನು ಹಚ್ಚಿದಳು. ನಡುಗಡ್ಡೆಯಲ್ಲಿ ಫೋನು ಹತ್ತುವುದಿಲ್ಲವೆಂದು ಅವಳಿಗೆ ಗೊತ್ತಿದ್ದರೂ ಮತ್ತೆ ಮತ್ತೆ ಹಚ್ಚಿದಳು. ಎಚ್ಚರಿಕೆಯ ಜೀಪು ದಂಡೆಯ ಹಳ್ಳಿಗಳಿಗೆ ಹೋಗುತ್ತದೆ, ನಿನ್ನೆ ಬಂದಿಳಿದ ಕುರಿಗಾರರ ಹೆಸರು ಅವರ ಪಟ್ಟಿಯಲ್ಲಿ ಇರುವುದಿಲ್ಲ. ಗಾಳಿ ಪಶ್ಚಿಮಕ್ಕೆ ಬೀಸುತ್ತಿತ್ತು. ಪೂರ್ವದ ನಡುಗಡ್ಡೆಗೆ ಭೋಂಗಾ ಕೇಳುವುದೂ ಅನುಮಾನ. ಕೇಳಿದರೂ ಅಮೋಗಿ ಕುರಿ ಬಿಟ್ಟು ಬರುವವನಲ್ಲ. ಪಕ್ಕದ ಮನೆಯವನನ್ನು ಮೋಟಾರು ಸೈಕಲ್ಲಿನಲ್ಲಿ ಓಡಿಸಿದಳು. ಕಿತ್ತುಹೋದ ರಸ್ತೆಯಲ್ಲಿ ಅವನು ಮುಟ್ಟುವುದಕ್ಕೇ ಮುಕ್ಕಾಲು ಗಂಟೆ ಬೇಕು. ಮೇಲಿನಿಂದ ಮಹಾಪೂರ ಬರುತ್ತಿರಬೇಕು, ಇಲ್ಲದಿದ್ದರೆ ಎಲ್ಲ ಗೇಟು ತೆರೆಯುವ ಮಾತೇ ಇಲ್ಲ ಎಂದುಕೊಂಡಳು. ಆ ಲೆಕ್ಕಕ್ಕೆ ಮುದ್ರೆ ಒತ್ತಿದವಳು ತಾನೇ ಎಂಬುದು ಗೊತ್ತಿತ್ತು. ಯಾವ ಹಾಳೆ ಎಂಬುದು ಗೊತ್ತಿರಲಿಲ್ಲ.

ಅವ್ವ ಬುಟ್ಟಿಯನ್ನು ಎದೆಗವಚಿಕೊಂಡು ಅಳತೊಡಗಿದ್ದಳು. "ಹನ್ನೆರಡ ರೊಟ್ಟಿ ಬಡದಿದ್ದೆ. ತಿನ್ನೋರು ಬರ್ಲಿಲ್ಲ. ಹನ್ನೆರಡಕ್ಕ ಹನ್ನೆರಡೂ ಹಂಗ ಕುಂತಾವಲ್ಲವ್ವ."

ಲಗಮವ್ವನ ಕೈ ಫೋನಿನ ಮೇಲೆಯೇ ನಿಂತಿತು.

ಹನ್ನೆರಡು ರೊಟ್ಟಿ. ಹಂಚಿಕೊಳ್ಳುವವರು ಸೊನ್ನೆ. ಉಳಿದದ್ದು ಹನ್ನೆರಡು. ತರಬೇತಿಯ ಆ ಪಾಠ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂತು. 'ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ.' ಇದು ಆಚಾರ್ಯರ ನಿಯಮ. ಹಂಚುವ ಹಣ್ಣಿಗೆ, ರೊಟ್ಟಿಗೆ ಅದು ಒಪ್ಪುವ ಮಾತೇ. ಯಾರೂ ಬಾರದಿದ್ದರೆ ಬುಟ್ಟಿ ಹಾಗೇ ಉಳಿಯುತ್ತದೆ. ಆದರೆ ಬುಟ್ಟಿಯಲ್ಲಿ ಇರುವುದು ರೊಟ್ಟಿಯಾಗಿರದಿದ್ದರೆ? ಭಾಜ್ಯ ಮೂರು, ಭಾಜಕ ಸೊನ್ನೆ, ಭಾಗಲಬ್ಧ ಮೂರು. ಆ ಹಾಳೆಯಲ್ಲಿದ್ದ ಸೊನ್ನೆ ಅಂಚಿನ ಸೊನ್ನೆಯಲ್ಲ, ನಡುಮನೆಯ ಸೊನ್ನೆ: ಒಂಬತ್ತುಗಳನ್ನು ಕಳೆದು ಉಳಿದದ್ದಲ್ಲ, ಭಾಜಕವೇ ಸೊನ್ನೆ. ಅದನ್ನು ನೋಡಿಯೂ ನೋಡದೆ ದಾಟಿಬಿಟ್ಟಿದ್ದಳು.

ನಿಯಂತ್ರಣ ಕೋಣೆಯ ಬಾಗಿಲನ್ನು ಅವಳು ಈ ಒಂಬತ್ತು ವರ್ಷದಲ್ಲಿ ಒಮ್ಮೆಯೂ ತಳ್ಳಿರಲಿಲ್ಲ. ತಾಳೆದಾರರು ಅಲ್ಲಿಗೆ ಕಾಲಿಡುವಂತಿಲ್ಲ. ಓಡಿಬಂದ ರಭಸಕ್ಕೆ ತಳ್ಳಿದಳು. ಗಡಿಯಾರದಲ್ಲಿ ಒಂದೂ ಇಪ್ಪತ್ತೆರಡು.

ಅಧೀಕ್ಷಕ ಗುರುಪಾದ ದೇಸುಣಗಿ ದೊಡ್ಡ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದರು. ಐವತ್ತೈದರ ಮನುಷ್ಯ, ಕರೇಗುಡ್ಡದಲ್ಲಿ ಸ್ವಂತ ಭಾವನನ್ನು ಕಳೆದುಕೊಂಡವರು. ಅವಳನ್ನು ಕಂಡದ್ದೇ ಎರಡೂ ಕೈ ಅಡ್ಡ ಮಾಡಿದರು.

"ಲಗಮವ್ವ, ನೀವು ಇಲ್ಲಿ ಬರಂಗಿಲ್ಲರಿ. ಹೊರಗ ನಡೀರಿ."

"ಸಾಹೇಬ್ರ, ಒಂದ ಮಾತ ಹೇಳ್ರಿ, ಹೋಗ್ತೀನಿ. ಗೇಟ್ ಯಾಕ ತೆಗೀಲಿಕ್ಕತ್ತಾರ? ಡ್ಯಾಮ್ ತುಂಬಾಕ ಎಷ್ಟ ತಾಸು ಅಂತ ಬಂದೈತಿ?"

"ನಾ ಹೇಳಬಾರದು, ನೀವು ಕೇಳಬಾರದು. ಕಾನೂನು ನಿಮಗ ಗೊತ್ತದ."

"ಮೂರ ತಾಸು ಅಂತ ಬಂದೈತಿ, ಹೌದಲ್ರಿ?"

ದೇಸುಣಗಿಯವರ ಮುಖದ ಬಣ್ಣ ಇಳಿಯಿತು. ಲಗಮವ್ವ ಏದುಸಿರಿನಲ್ಲೇ ಹಾಳೆಯ ಕಥೆ ಹೇಳಿದಳು. ಇನ್ನು ಉಳಿದದ್ದು ಅರ್ಧ ಮಾತು. ಅದು ಅವರ ಹತ್ತಿರವಿತ್ತು.

"ಉಳಿದ ಜಾಗ ಮೂರು ಟಿಎಂಸಿ ಇರಬೇಕ್ರಿ. ಒಳಗ ಬರೂ ನೀರು, ಹೊರಗ ಹೋಗೂ ನೀರು, ಎರಡೂ ಸಮ ಅದಾವೇನ್ರಿ? ಇಷ್ಟ ಹೇಳ್ರಿ. ನನ್ನ ತಮ್ಮ ನದ್ಯಾಗ ಅದಾನ, ಆದ್ರ ಅದಕ್ಕ ಅಲ್ಲ ನಾ ಕೇಳೂದು. ತಪ್ಪ ನಂದು."

ದೇಸುಣಗಿಯವರು ನೆಲ ನೋಡುತ್ತ ಹೇಳಿದರು: "ಒಳಗ ಹದಿನೆಂಟು ಸಾವಿರದ ಮುನ್ನೂರಾ ಅರವತ್ತು ಕ್ಯೂಸೆಕ್. ಕಾಲುವಿಗೆ, ಕರೆಂಟಿಗೆ ಹೋಗೂದೂ ಅಷ್ಟ. ಮುಂಜಾನಿಂದ ನೀರು ಆ ಅಳತಿ ಗೋಪುರದ ಹದಿನಾಲ್ಕನೇ ಗೆರಿ ಬಿಟ್ಟು ಕದಲಿಲ್ಲ." ಕಿಟಕಿಯ ಕಡೆ ತಿರುಗಿ, "ಕರೇಗುಡ್ಡದಾಗೂ ಕದಲಿರ್ಲಿಲ್ಲರಿ," ಎಂದರು.

ಅವರ ಭಯ ಅವಳಿಗೆ ಅರ್ಥವಾಯಿತು. ಹಾವು ಕಚ್ಚಿಸಿಕೊಂಡವನು ಹಗ್ಗಕ್ಕೂ ಹೆದರುತ್ತಾನೆ.

ಒಳಹರಿವಿನಲ್ಲಿ ಹೊರಹರಿವು ಕಳೆದರೆ ಗಂಟೆಗೆ ಎಷ್ಟು ನೀರು ಸೇರುತ್ತದೆಂದು ಗೊತ್ತಾಗುತ್ತದೆ. ಉಳಿದ ಜಾಗವನ್ನು ಅದರಿಂದ ಭಾಗಿಸಿದರೆ ತುಂಬಲು ಎಷ್ಟು ಗಂಟೆ ಎಂದು ಸಿಗುತ್ತದೆ. ಇವತ್ತು ಸೇರುವ ನೀರು ಸೊನ್ನೆ. ಹಾಗಾದರೆ ಈ ಅಣೆಕಟ್ಟು ಎಂದೆಂದಿಗೂ ತುಂಬುವುದಿಲ್ಲ. ಆಚಾರ್ಯರು ಮಾತ್ರ ತಮ್ಮ ನಿಯಮದಂತೆ ಮೂರನ್ನು ಮೂರಾಗಿಯೇ ಉಳಿಸಿದ್ದರು. ಆರು ತಾಸಿಗಿಂತ ಕಡಿಮೆ ಎಂದರೆ ಗೇಟಿನ ಯಂತ್ರ ತಾನಾಗಿ ತೆರೆಯುತ್ತದೆ. ಅದಕ್ಕೆ ಮನುಷ್ಯರ ಮಾತು ಕೇಳುವ ಕಿವಿ ಇಟ್ಟಿರಲಿಲ್ಲ.

"ಇನ್ನೊಬ್ಬ ಹಿರಿಯರ್ನ ಕೇಳೂಣು," ಎಂದರು ದೇಸುಣಗಿ. ಅವರ ದನಿಗೆ ಸ್ವಲ್ಪ ಜೀವ ಬಂದಿತ್ತು. "ಜಿಲ್ಲಾ ಕಚೇರ್ಯಾಗ ಭಾಸ್ಕರಾಚಾರ್ಯರು ಅದಾರ. ನಮ್ಮ ಜಿಲ್ಲಾದವರ ಅವರು. ಮಹಾರಾಷ್ಟ್ರದವರು ತಮ್ಮವರು ಅಂತಾರ, ಅನ್ಲಿ."

ಲೆಕ್ಕ ಕಳಿಸಿದರು. ಜಿಲ್ಲಾ ಕಚೇರಿಯಲ್ಲಿ ಊಟದ ಹೊತ್ತು. ಫೋನು ಎತ್ತುವವರು ಸಿಗಲು ಹನ್ನೆರಡು ನಿಮಿಷ ಹೋದವು. ಒಂದೂ ನಲವತ್ತೈದಕ್ಕೆ ಎರಡನೇ ಭೋಂಗಾ ಕೂಗಿತು. ಒಂದೂ ನಲವತ್ತೊಂಬತ್ತಕ್ಕೆ ಉತ್ತರ ಬಂತು. ಮೂರನ್ನು ಸೊನ್ನೆಯಿಂದ ಭಾಗಿಸಿದರೆ ಬರುವ ರಾಶಿಗೆ ಖಹರ ಎಂದು ಹೆಸರು, ಅದು ಅನಂತ, ಅದಕ್ಕೆ ಎಷ್ಟು ಕೂಡಿದರೂ, ಅದರಿಂದ ಎಷ್ಟು ಕಳೆದರೂ ಅದು ಬದಲಾಗದು.

ಲಗಮವ್ವನ ಕಣ್ಣು ತುಂಬಿತು. ಎಂಟುನೂರು ವರ್ಷ ಮೇಲ್ಪಟ್ಟ ಹಳೆಯ ಮಾತು, ತಮ್ಮನ ಜೀವ ಉಳಿಸಲೆಂದೇ ಕಾದು ಕೂತ ಹಾಗೆ ಬಂದಿತ್ತು. ದೇಸುಣಗಿಯವರು ಆ ಉತ್ತರವನ್ನು ಗೇಟಿನ ಯಂತ್ರಕ್ಕೆ ಉಣಿಸಿದರು. ಪರದೆಯ ಮೇಲೆ ಒಂದು ಸಾಲು ಮೂಡಿತು: 'ಸಂಖ್ಯೆ ನಮೂದಿಸಿ.'

ಮತ್ತೆ ಉಣಿಸಿದರು. 'ಸಂಖ್ಯೆ ನಮೂದಿಸಿ.' ಅನಂತ ಎಂಬುದು ಗೇಟಿಗೆ ತಿಳಿಯದ ಭಾಷೆ. ಕೈಯಿಂದ ದೊಡ್ಡ ಸಂಖ್ಯೆಯೊಂದನ್ನು ಒತ್ತಿದರೆ, ಅದಕ್ಕೆ ಹಿರಿಯರ ಲೆಕ್ಕದ ಹಾಳೆ ಬೇಕು, ತಾಳೆ ಬೇಕು. ಒಂದೂ ಐವತ್ನಾಲ್ಕು.

"ಇನ್ನೊಂದ ದಾರಿ ಐತಿ," ಎಂದಳು ಲಗಮವ್ವ.

ದೇಸುಣಗಿಯವರಿಗೆ ಅದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೇಳಿರಲಿಲ್ಲ. ತಾಳೆದಾರರು ತಮ್ಮ ಮುದ್ರೆಯನ್ನು ತಾವೇ ಮುರಿದರೆ ಆ ಲೆಕ್ಕ ಸತ್ತಂತೆ. ಆದರೆ ಒಮ್ಮೆ ಮುರಿದವರು ಬದುಕಿರುವವರೆಗೆ ಇನ್ನೊಂದು ಮುದ್ರೆ ಹಿಡಿಯುವಂತಿಲ್ಲ. ಒತ್ತುವಾಗಲೇ ಎಚ್ಚರ ಇರಲಿ ಎಂದು ಮಾಡಿದ ನಿಯಮ.

"ವಿಚಾರ ಮಾಡ್ರಿ," ಎಂದರು ಅವರು. "ನಾಳೆ ತಪ್ಪಾತಂದ್ರ ನಿಮ್ಮನ್ನ ಜೈಲಿಗೆ ಹಾಕ್ತಾರ. ತಪ್ಪ ಆಗ್ಲಿಲ್ಲಂದ್ರೂ ಕೆಲಸ ಹೋತು. ನಿಮ್ಮ ಮನಿತನದಾಗ ಕಲ್ತಾಕಿ ನೀವೊಬ್ಬಾಕಿ. ಮ್ಯಾಲ ಖರೇನ ನೀರು ಬರ್ಲಿಕ್ಕತ್ತಿದ್ರ?"

ಅದೇ ಅವಳನ್ನೂ ಹಿಂಡುತ್ತಿತ್ತು. ತಮ್ಮನ ಮೇಲಿನ ಆಸೆಗೆ ತಾನು ಲೆಕ್ಕವನ್ನು ಬಗ್ಗಿಸುತ್ತಿದ್ದೇನೆಯೇ? ಅಣೆಕಟ್ಟು ಒಡೆದರೆ ಕೆಳಗೆ ಹನ್ನೆರಡು ಹಳ್ಳಿ, ಈ ಕಾಲೊನಿ, ಅವ್ವ. ಚೀಲದಿಂದ ಮುದ್ರೆ ತೆಗೆದು ಕೈಯಲ್ಲಿ ಹಿಡಿದಳು. ಒಂಬತ್ತು ವರ್ಷದಲ್ಲಿ ಅಂಚು ಸವೆದು, ಅವಳ ಬೆರಳಿಗೆ ತಕ್ಕ ಹಾಗೆ ಆಗಿತ್ತು. ನದಿಯಲ್ಲಿ ಅಮೋಗಿಯೇ ಇಲ್ಲ, ಕುರಿಯೂ ಇಲ್ಲ ಎಂದುಕೊಂಡಳು. ಬರೇ ಬಯಲು. ಆಗಲೂ ಮೂರರ ಕೆಳಗೆ ಸೊನ್ನೆ ಇದ್ದೇ ಇತ್ತು. ಆಗಲೂ ಉತ್ತರ ಮೂರಲ್ಲ. ಲೆಕ್ಕ ಬಗ್ಗಿಲ್ಲ ಎಂದು ಖಾತ್ರಿಯಾಯಿತು.

ಮುದ್ರೆಯನ್ನು ಗೇಟಿನ ಯಂತ್ರದ ಸೀಳಿಗೆ ತೂರಿಸಿ ತಿರುಗಿಸಿದಳು. ಕಂಚು ಕಟಕ್ಕೆಂದು ಎರಡಾಯಿತು. ಯಂತ್ರ ಒಂದು ಸಾಲಿನ ಕಾರಣ ಕೇಳಿತು. ಒಂದೂ ಐವತ್ತೇಳು. 'ಸಮಯವಿಲ್ಲ' ಎಂದು ಅಂಚಿನಲ್ಲಿ ಬರೆದ ಆ ಹುಡುಗ ಗಾಲ್ವಾನ ಮೇಲೆ ಅವಳಿಗೆ ಅವತ್ತು ಮೊದಲ ಸಲ ಪ್ರೀತಿ ಬಂತು. ಬರೆದಳು: 'ಹಂಚಿಕೊಳ್ಳುವವರಿಲ್ಲದಿದ್ದರೆ ರೊಟ್ಟಿ ಉಳಿಯುತ್ತದೆ. ಸೇರುವ ನೀರಿಲ್ಲದಿದ್ದರೆ ಅಣೆಕಟ್ಟು ತುಂಬುವುದೇ ಇಲ್ಲ.'

ಕೆಂಪು ದೀಪ ಆರಿತು. ಗೇಟುಗಳು ಅಲುಗಾಡಲಿಲ್ಲ.

ಆಮೇಲಿನದು ಅದಕ್ಕಿಂತ ಕಷ್ಟದ ಮೂರು ತಾಸು. ಐದು ನಿಮಿಷಕ್ಕೆ ರಾಜಧಾನಿಯಿಂದ ಫೋನು ಬಂತು. ಲಗಮವ್ವ ಇನ್ನು ತಾಳೆದಾರಳಲ್ಲ ಎಂದು ದೇಸುಣಗಿಯವರು ಅಲ್ಲಿಂದ ಕೇಳಿಸಿಕೊಂಡು ಇಲ್ಲಿಗೆ ಹೇಳಿದರು. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಆಮೇಲೆ ಒಂದು ಕುರ್ಚಿಯನ್ನು ಎಳೆದು ಕಿಟಕಿಯ ಹತ್ತಿರ ಹಾಕಿದರು.

"ತಾಳೆದಾರರು ನೀರು ನೋಡಬಾರದು. ನೀವೀಗ ತಾಳೆದಾರರಲ್ಲ. ಕೂಡ್ರಿ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಜಲಾಶಯವನ್ನು ಅಲ್ಲಿಂದ ನೋಡಿದಳು. ಅಷ್ಟು ದೊಡ್ಡದಿದೆ ಎಂದು ಅಂಕಿಗಳು ಯಾವತ್ತೂ ಹೇಳಿರಲಿಲ್ಲ. ಇಬ್ಬರೂ ಹದಿನಾಲ್ಕನೇ ಗೆರೆಗೆ ಕಣ್ಣು ನೆಟ್ಟು ಕೂತರು. ಗಾಳಿಗೆ ಸಣ್ಣ ಅಲೆ ಎದ್ದು ಗೆರೆ ಮುಚ್ಚಿದಾಗಲೆಲ್ಲ ದೇಸುಣಗಿಯವರು ಎದ್ದು ನಿಲ್ಲುತ್ತಿದ್ದರು. ಅಲೆ ಇಳಿದಾಗ ಕೂರುತ್ತಿದ್ದರು. ಮೂರಾಯಿತು, ನಾಲ್ಕಾಯಿತು. ಐದು ಹೊಡೆದಾಗ ನೀರು ಹದಿನಾಲ್ಕನೇ ಗೆರೆಯಲ್ಲೇ ಇತ್ತು. ದೇಸುಣಗಿಯವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಲಗಮವ್ವ ಮುರಿದ ಮುದ್ರೆಯ ಎರಡು ತುಂಡುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ನಡೆದಳು.

ಹೊತ್ತು ಮುಳುಗುವ ಮುಂಚೆ ಅಮೋಗಿಯೂ ಸಿದ್ದವ್ವನೂ ಬಂದರು. ಕುರಿಗಳನ್ನು ಜೊತೆಗಾರರಿಗೆ ಒಪ್ಪಿಸಿ, ಮೋಟಾರು ಸೈಕಲ್ಲಿನವನು ಏನೇನೋ ಕೂಗಾಡಿದನೆಂದು ನೋಡಿಹೋಗಲು ಬಂದದ್ದು. ಇಬ್ಬರ ಮೈಯಿಂದಲೂ ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು. ಅವ್ವ ಮಗನ ತಲೆ, ಕೆನ್ನೆ, ತೋಳು ಎಲ್ಲ ಮುಟ್ಟಿ ನೋಡಿದಳು. ಅವನಿಗೆ ನಾಚಿಕೆಯಾಯಿತು.

"ಏನಾಗೇತಬೇ ನಿನಗ?" ಎಂದು ಕೊಸರಿಕೊಂಡು ಅಕ್ಕನ ಕಡೆ ತಿರುಗಿದ. "ಅಕ್ಕಾ, ನಿಮ್ಮ ಡ್ಯಾಮಿನ ಮಂದಿಗೆ ಒಂದೀಟ ಹೇಳ. ಈ ಸಲ ನೀರ ಸಾಲಲಿಲ್ಲ. ಮೊಣಕಾಲಿಗೂ ಬರ್ತಿರ್ಲಿಲ್ಲ. ಒಂದೆರಡ ಗೇಟರೆ ತೆಗದಿದ್ರ ಕುರಿ ಮೈ ಚಲೋ ತೊಳೀತಿದ್ವು."

ಲಗಮವ್ವ ಅವನ ಮುಖವನ್ನೇ ನೋಡಿದಳು. ಮಧ್ಯಾಹ್ನದಿಂದ ತಡೆಹಿಡಿದದ್ದೆಲ್ಲ ಒಮ್ಮೆಗೇ ನಗುವಾಗಿ ಬಂತು, ನಗು ಅರ್ಧಕ್ಕೇ ಅಳುವಾಯಿತು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಇನ್ನ ನನ್ನ ಮಾತ ಅಲ್ಲಿ ನಡ್ಯಂಗಿಲ್ಲೋ," ಎಂದಳು. ಯಾಕೆಂದು ಅವನು ಕೇಳುವಷ್ಟರಲ್ಲಿ ಅವ್ವ ಗದರಿದಳು.

"ಮೊದಲ ಉಣ್ರಿ. ಆಮ್ಯಾಲ ಮಾತು."

ನಾಲ್ಕು ತಟ್ಟೆ ಹಾಕಿದಳು. ಬುಟ್ಟಿಯ ಬಟ್ಟೆ ಸರಿಸಿ, ಮಧ್ಯಾಹ್ನದಿಂದ ಕೂತಿದ್ದ ಹನ್ನೆರಡು ರೊಟ್ಟಿಗಳನ್ನು ಹಂಚಿದಳು. ಒಬ್ಬೊಬ್ಬರಿಗೆ ಮೂರು ಮೂರು ಬಂದವು.